ಚಂದ್ರನಲ್ಲಿ ಗಂಧಕ ಸಿಕ್ಕಿತು, ನಮ್ಮ ಬೀದಿಯಲ್ಲಿ ಪೈಪ್ ಸಿಗಲಿಲ್ಲ

ಹೋದ ವಾರ ಹಾಸನದ ನಮ್ಮ ಬೀದಿಗೆ ಕೇಬಲ್ ಹಾಕಲು ಜೆಸಿಬಿ ಬಂತು. ಹತ್ತೇ ನಿಮಿಷ, ನೀರಿನ ನಿಕ್ಷೇಪ ಪತ್ತೆ! ಎದುರು ಮನೆಯ ಮಹಡಿ ಮೇಲೆ ಒಣ ಹಾಕಿದ್ದ ಬೆಡ್‌ಶೀಟ್ ಒದ್ದೆಯಾಗುವಷ್ಟು ಎತ್ತರಕ್ಕೆ ಚಿಮ್ಮಿತು.

ಸುಮ್ನೆ ಚಂದ್ರನ ನೆನಪಾಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ನೌಕೆ ಅಲ್ಲಿ ಇಳಿಯಿತಲ್ವಾ, ಅದರ ಹೊಟ್ಟೆಯಿಂದ ಹೊರಬಂದ ಪ್ರಜ್ಞಾನ್ ಅನ್ನೋ ಪುಟ್ಟ ಗಾಡಿಯ ತೂಕ ಬರೀ 26 ಕಿಲೋ. ಒಂದು ಚೀಲ ಸಿಮೆಂಟಿನಷ್ಟೂ ಇಲ್ಲ. ಅದು ಗುಂಡಿ ತೋಡಲಿಲ್ಲ. ಮಣ್ಣಿಗೆ ಲೇಸರ್ ಹೊಡೆದು, ಎದ್ದ ಕಿಡಿಯ ಬೆಳಕಿನಲ್ಲಿ ಯಾವ್ಯಾವ ಬಣ್ಣ ಇದೆ ಅಂತ ನೋಡಿ, ಗಂಧಕ ಇದೆ, ಅಲ್ಯೂಮಿನಿಯಂ ಇದೆ, ಕಬ್ಬಿಣ ಇದೆ, ಟೈಟಾನಿಯಂ ಇದೆ ಅಂತ ಪಟ್ಟಿ ಕಳಿಸಿತು. 3.84 ಲಕ್ಷ ಕಿಲೋಮೀಟರ್ ದೂರದಿಂದ.

ನೀರಿನ ಸುಳಿವು ಹಿಡಿಯಲೂ ಅಗೆಯಲೇಬೇಕು ಅಂತಿಲ್ಲ. ನ್ಯೂಟ್ರಾನ್ ಎಣಿಸುವ ಯಂತ್ರಗಳಿವೆ. ಕಾಸ್ಮಿಕ್ ಕಿರಣ ಬಿದ್ದಾಗ ನೆಲದಿಂದ ನ್ಯೂಟ್ರಾನ್ ಏಳುತ್ತವೆ, ನೀರಲ್ಲಿರುವ ಜಲಜನಕಕ್ಕೆ ಡಿಕ್ಕಿ ಹೊಡೆದವು ವೇಗ ಕಳೆದುಕೊಳ್ಳುತ್ತವೆ, ಹಾಗಾಗಿ ವೇಗದವು ಕಮ್ಮಿಯಾದ ಜಾಗದಲ್ಲಿ ಕೆಳಗೆ ಹಿಮ ಇರಬಹುದು ಅಂತ ಲೆಕ್ಕ. ವಿಜ್ಞಾನಿಗಳು ಪಾಪ, 'ಇರಬಹುದು' ಅನ್ನುತ್ತಾರೆ. ನಮ್ಮ ಜೆಸಿಬಿಗೆ ಆ ಅನುಮಾನವೇ ಇಲ್ಲ. ಬಕೆಟ್ ಇಳಿಸಿದರೆ ನೀರು, ಗ್ಯಾರಂಟಿ.

ತಮಾಷೆ ಏನೆಂದರೆ, ಇದೇ ಊರಿನ ಇಸ್ರೋ ಕೇಂದ್ರದಲ್ಲಿ ಕೂತವರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ಚೂರು ವಾಲಿದರೂ ಕಂಡುಹಿಡಿದು ಸರಿ ಮಾಡುತ್ತಾರೆ. ಮೂರಡಿ ಕೆಳಗಿರುವ ಪೈಪ್ ಎಲ್ಲಿ ತಿರುಗುತ್ತದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ನಕ್ಷೆ ಎಲ್ಲಿ ಅಂತ ಕೇಳಿದರೆ 'ಆಫೀಸಲ್ಲಿದೆ'. ಆಫೀಸಲ್ಲಿ ಕೇಳಿದರೆ 'ಸೈಟಲ್ಲಿದೆ'.

ಕೊನೆಗೆ, ರಿಟೈರ್ ಆಗಿದ್ದ ನೀರು ಬಿಡುವ ಅಜ್ಜನನ್ನು ಬೈಕಲ್ಲಿ ಕರೆತಂದರು. ನಮ್ಮ ಊರಿನ ಸೆನ್ಸರ್ ಇವರೇ. ಛತ್ರಿ ಮಡಚಿ, ಅದರ ತುದಿಯಿಂದ ನೆಲ ಕುಟ್ಟಿ, ಆ ಕಡೆ ಈ ಕಡೆ ನೋಡಿದರು.

"ಇಲ್ಲೊಂದು ಹೊಂಗೆ ಮರ ಇತ್ತಲ್ಲ ಸಾರ್, ಅದರ ಬುಡದಿಂದ ನಾಲ್ಕು ಹೆಜ್ಜೆ."

ಮರವನ್ನು ರಸ್ತೆ ಅಗಲ ಮಾಡುವಾಗಲೇ ಕಡಿದಾಗಿತ್ತು.

ನಿನ್ನೆ ಪೈಪ್ ರಿಪೇರಿಗೆ ಇನ್ನೊಂದು ಜೆಸಿಬಿ ಬಂತು. ಅಂದಾಜಿನ ಮೇಲೆ ಅಗೆದರು. ಹೊಸ ಕೇಬಲ್ ಪತ್ತೆಯಾಯಿತು, ಎರಡು ತುಂಡಾಗಿ.