ನನ್ನ ಹೆಸರಿಗೆ ನಾನೇ ಕಪ್ಪ ಕಟ್ಟಬೇಕಾ?

ಹೊಟ್ಟೆ ಉರಿಯುತ್ತಿದೆ, ಹೇಳಿಬಿಡುತ್ತೇನೆ. ನನ್ನ ಬ್ರ್ಯಾಂಡ್ ಹೆಸರಲ್ಲಿ ಇರುವುದು ಒಂದೇ 'ಎಲ್'. ಯಾರೋ ಪುಣ್ಯಾತ್ಮ ಎರಡು 'ಎಲ್' ಹಾಕಿ ಡಾಟ್ ಕಾಮ್ ಡೊಮೇನ್, ಅಂದರೆ ವೆಬ್‌ಸೈಟ್ ವಿಳಾಸ, ತೆಗೆದುಕೊಂಡು ಕೂತಿದ್ದಾನೆ. ತೆರೆದರೆ ಮೇಲೆ ದಪ್ಪ ಅಕ್ಷರದಲ್ಲಿ 'ಈ ಡೊಮೇನ್ ಮಾರಾಟಕ್ಕಿದೆ'. ಕೆಳಗೆ ಸಾಲಾಗಿ ಜಾಹೀರಾತು, ಎಲ್ಲವೂ ನನ್ನ ಪೈಪೋಟಿಯವರದ್ದೇ! ಗ್ರಾಹಕರೊಬ್ಬರು ಆರ್ಡರ್ ವಿವರವನ್ನೆಲ್ಲ ಆ ವಿಳಾಸಕ್ಕೆ ಮೇಲ್ ಮಾಡಿ, 'ಎಷ್ಟು ದಿನ ಕಾಯಬೇಕು ಸ್ವಾಮಿ?' ಅಂತ ನನಗೆ ಬೈದರು. ಮೇಲ್ ನನಗೆ ಬಂದೇ ಇಲ್ಲ ಅಂದರೆ ಯಾರು ನಂಬುತ್ತಾರೆ?

ಟ್ರೇಡ್‌ಮಾರ್ಕ್ ಪತ್ರ ನನ್ನ ಡ್ರಾಯರ್‌ನಲ್ಲಿ ಭದ್ರವಾಗಿದೆ. ಡೊಮೇನ್ ಮಾರುವವರು ಅದನ್ನು ಕೇಳುವುದೇ ಇಲ್ಲ. ಮೊದಲು ಬಂದವನಿಗೆ ಹೆಸರು, ಅಷ್ಟೇ. ಯಾರಪ್ಪ ಇವನು ಅಂತ ಹೂಇಸ್‌ನಲ್ಲಿ (ಡೊಮೇನ್ ಯಾರ ಹೆಸರಲ್ಲಿದೆ ಅಂತ ತೋರಿಸುವ ದಾಖಲೆ) ಹುಡುಕಿದರೆ ಅಲ್ಲೂ 'ಗೌಪ್ಯ'. ಹೆಸರು ಕದ್ದವನ ಹೆಸರಿಗೆ ಎಷ್ಟು ಕಾವಲು ನೋಡಿ!

ದೂರು ಕೊಡಲು ದಾರಿ ಇದೆ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆ, ಇಂಥ ಜಗಳ ಬಗೆಹರಿಸಲು 1999ರಲ್ಲೇ ಯುಡಿಆರ್‌ಪಿ ಅನ್ನುವ ನಿಯಮ ತಂದಿದೆ. ಆದರೆ ಈ ದೂರು ಕೇಳುವ ವೈಪೊ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಮುಂದೆ ಹೋದರೆ, ಒಬ್ಬರೇ ತೀರ್ಪುಗಾರರು ಸಾಕು ಅಂದರೂ 1,500 ಡಾಲರ್ ಶುಲ್ಕ. ವಕೀಲರದ್ದು ಬೇರೆ. ಹೆಸರು ನನ್ನ ಮಾರ್ಕ್ ಥರಾನೇ ಇದೆ ಅಂತ ನಾನೇ ತೋರಿಸಬೇಕು. ಅವನಿಗೆ ಅದರ ಮೇಲೆ ಹಕ್ಕಿಲ್ಲ ಅಂತಲೂ ನಾನೇ. ಅವನ ಉದ್ದೇಶ ಕೆಟ್ಟದ್ದು ಅಂತಲೂ ನಾನೇ, ಅದೂ ಕೊಂಡಾಗಲೂ ಕೆಟ್ಟದ್ದು, ಬಳಸುವಾಗಲೂ ಕೆಟ್ಟದ್ದು ಅಂತ. ಅವನು ಕೊಳ್ಳುವಾಗ ನಾನೇನು ಪಕ್ಕದಲ್ಲಿ ಕೂತಿದ್ನಾ?

ಈ ನಿಯಮದ ಮೊದಲ ಕೇಸ್ ವರ್ಲ್ಡ್ ರೆಸ್ಲಿಂಗ್ ಫೆಡರೇಶನ್‌ನದ್ದು. ಅಲ್ಲಿ ಒಬ್ಬ 100 ಡಾಲರ್‌ಗೆ ಹೆಸರು ಕೊಂಡು, ಮೂರೇ ದಿನಕ್ಕೆ 1,000 ಡಾಲರ್‌ಗೆ ಅವರಿಗೇ ಮಾರಲು ಹೋಗಿ ತಾನೇ ಸಿಕ್ಕಿಬಿದ್ದ. ನನ್ನವನು ಜಾಣ. ತಾನಾಗಿ ಒಂದು ಮೇಲ್ ಕಳಿಸಿಲ್ಲ. ಬಲೆ ಹಾಸಿ ಸುಮ್ನೆ ಕೂತಿದ್ದಾನೆ, ಕೇಳಿದರೆ 'ಇದು ಯಾರು ಬೇಕಾದರೂ ಬಳಸುವ ಪದ' ಅನ್ನುತ್ತಾನೆ. ಕಳ್ಳನಿಗೊಂದು ಪಿಳ್ಳೆ ನೆವ, ಅಲ್ವಾ?

ಸರಿ, ಗೆದ್ದೆ ಅಂತಲೇ ಇಟ್ಟುಕೊಳ್ಳಿ. ಡೊಮೇನ್ ರದ್ದಾಗುತ್ತದೆ, ಇಲ್ಲಾ ನನ್ನ ಹೆಸರಿಗೆ ಬರುತ್ತದೆ. ಅಷ್ಟೇ! ಅವನಿಗೆ ದಂಡ ಇಲ್ಲ, ನನಗೆ ಪರಿಹಾರ ಇಲ್ಲ, ಕಟ್ಟಿದ ಶುಲ್ಕವೂ ವಾಪಸ್ ಬರಲ್ಲ. ಅವನು ಕಳೆದುಕೊಳ್ಳುವುದು ವರ್ಷದ ಚಿಲ್ಲರೆ ಬಾಡಿಗೆ. ಆಮೇಲೆ ಆ ತಪ್ಪು ಸ್ಪೆಲ್ಲಿಂಗ್‌ಗೆ ವರ್ಷಾ ವರ್ಷ ದುಡ್ಡು ಕಟ್ಟುತ್ತಾ ಇರುವುದು ನಾನು. ಬಿಟ್ಟರೆ ಇನ್ನೊಬ್ಬ ಎತ್ತಿಕೊಳ್ಳುತ್ತಾನಲ್ಲ!

ನಿನ್ನೆ ರಾತ್ರಿ ಕೂತು ನನ್ನ ಹೆಸರನ್ನು ನಾನೇ ತಪ್ಪುತಪ್ಪಾಗಿ ಬರೆಯುತ್ತಾ ಹೋದೆ. ನಡುವೆ ಅಡ್ಡಗೆರೆ ಹಾಕಿ, 'ಓ' ಜಾಗದಲ್ಲಿ ಸೊನ್ನೆ ಇಟ್ಟು, ಕೊನೆಗೊಂದು 'ಎಸ್' ಸೇರಿಸಿ. ಹದಿನೇಳು ಬಗೆ ಆಯಿತು. ಆರು ಆಗಲೇ ಯಾರದೋ ಪಾಲಾಗಿದ್ದವು.