ತೋಟದ ಒಂಟಿ ಮನೆಗೆ ಕೋವಿ ಬೇಕೆ?

ಪರ: ಜೋಡುನಳಿಗೆ ಒಂದಿರಲಿ

ಮೂಡಿಗೆರೆ, ಸಕಲೇಶಪುರ, ಸುಳ್ಯ ಕಡೆಯ ಒಳಮನೆಗಳನ್ನು ಕಂಡವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಪಕ್ಕದ ಮನೆ ಅಂದರೆ ಹಳ್ಳ ದಾಟಿ ಇನ್ನೊಂದು ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗಲೋ. ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. 112ಕ್ಕೆ ಫೋನ್ ಮಾಡಿ ಅನ್ನುವವರು ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದೂ ಹೇಳಲಿ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು, ಗೋದಾಮಿನಲ್ಲಿ ಒಣಗಿಸಿ ಮೂಟೆ ಕಟ್ಟಿಟ್ಟ ಮೆಣಸು. ಬರುವವನಿಗೆ ಈ ಮೂರೂ ಗೊತ್ತಿರುತ್ತದೆ.

ಕಾಯ್ದೆಯೂ ಇದನ್ನು ಒಪ್ಪಿಕೊಂಡಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ನೋಡಿ. 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ಗೀರಿಲ್ಲದ ನಳಿಗೆಯ ಕೋವಿಯನ್ನು ಆತ್ಮರಕ್ಷಣೆಗೆ ಕೇಳಿದವನು ಬೇರೆ ಕಾರಣಕ್ಕೆ ಅನರ್ಹನಲ್ಲದಿದ್ದರೆ ಲೈಸೆನ್ಸ್ ಕೊಡತಕ್ಕದ್ದು ಎಂದಿದೆ. ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಕೇಳಿದವನಿಗೂ ಅದೇ ಮಾತು. ರಿವಾಲ್ವರ್, ರೈಫಲ್ ಬೇಕೆಂದರೆ ಮಾತ್ರ ಅಧಿಕಾರಿಗೆ ತಕ್ಕ ಕಾರಣ ಮನವರಿಕೆಯಾಗಬೇಕು. ಮನೆ ಕಾವಲಿಗೆ ಯಾವ ಕೋವಿ ಸಾಕು ಎಂಬುದು ಆಗಲೇ ತೀರ್ಮಾನವಾದ ಹಾಗಿದೆ, ನನಗೂ ಅದು ಸರಿಯೆಂದೇ ಕಾಣುತ್ತದೆ.

ಈಗಿನ ಹುಡುಗರು ಅಮೆರಿಕದವರ ವಿಡಿಯೊ ನೋಡಿ ಎಆರ್-15 ರೈಫಲ್, ಗುರಿ ಹಿಡಿಯಲು ರೆಡ್ ಡಾಟ್, ಲೇಸರ್ ಅನ್ನುತ್ತಾರೆ. ಅಂಥ ರೈಫಲ್ ಇಲ್ಲಿ ಸಾಮಾನ್ಯರ ಕೈಗೆ ಸಿಗುವುದಿಲ್ಲ, 9 ಎಂಎಂ ಪಿಸ್ತೂಲು ಕೂಡ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಕೊಡದ ನಳಿಗೆಯಳತೆ. ಉಳಿಯುವುದು .32 ರಿವಾಲ್ವರ್, .315 ರೈಫಲ್, 12 ಬೋರ್ ಕೋವಿ. ರೈಫಲ್ಲಿನ ಗುಂಡು ಕಳ್ಳನಿಗೆ ತಾಗದಿದ್ದರೆ ಅಂಗಳದಲ್ಲಿ ನಿಲ್ಲುವುದಿಲ್ಲ, ಕೆಲಸದವರ ಸಾಲುಮನೆಗಳಿರುವ ಕೂಲಿ ಲೈನಿನ ತನಕವೂ ಹೋಗುತ್ತದೆ. ಮನೆ ಕಾಯಲು ಅದು ಬೇಡವೇ ಬೇಡ. ರಿವಾಲ್ವರ್ ಕೈಗೆ ಹಗುರ. 2014ರಲ್ಲಿ ಕಾನ್ಪುರದ ಕಾರ್ಖಾನೆ ಹೆಂಗಸರಿಗೆಂದು ‘ನಿರ್ಭೀಕ್’ ಎಂಬ ರಿವಾಲ್ವರ್ ತಂದಾಗ ಅದರ ತೂಕ 500 ಗ್ರಾಂ, ಬೆಲೆ ಲಕ್ಷದ ಮೇಲೆ. ಆದರೆ ಗಿಡ್ಡ ನಳಿಗೆಯ ಆಯುಧ ಕೈ ನಡುಗಿದಷ್ಟೂ ಗುರಿ ತಪ್ಪುತ್ತದೆ. ಅಭ್ಯಾಸ ಇಲ್ಲದೆ ಅದನ್ನು ನೆಚ್ಚುವ ಹಾಗಿಲ್ಲ, ಅಭ್ಯಾಸಕ್ಕೆ ಶೂಟಿಂಗ್ ರೇಂಜ್ ಹುಡುಕಿಕೊಂಡು ನಗರಕ್ಕೇ ಹೋಗಬೇಕು.

ಲೈಸೆನ್ಸ್ ಪುಸ್ತಕದಲ್ಲಿ ಡಿಬಿಬಿಎಲ್ ಎಂದು ಬರೆಯುವ ಜೋಡುನಳಿಗೆಯೇ ನನ್ನ ಆಯ್ಕೆ. ಮೇಲಿನ ಕೀಲು ಒತ್ತಿ ಮಡಚಿದರೆ ನಳಿಗೆ ಕೆಳಗೆ ಬಾಗುತ್ತದೆ, ತೋಟೆ ಇದ್ದರೆ ಎರಡು ಹಿತ್ತಾಳೆ ತಳ ಎದುರಿಗೇ ಕಾಣುತ್ತವೆ. ಕತ್ತಲಾದರೆ ಬೆರಳಿಟ್ಟು ನೋಡಿದರೂ ಖಾಲಿಯೋ ತುಂಬಿದೆಯೋ ತಿಳಿಯುತ್ತದೆ. ಸಿಕ್ಕಿಹಾಕಿಕೊಳ್ಳುವ ಮ್ಯಾಗಜೀನ್ ಇಲ್ಲ, ಒಳಗೊಂದು ಗುಂಡು ಉಳಿದುಬಿಟ್ಟಿತೇ ಎಂಬ ಅನುಮಾನ ಇಲ್ಲ. ಬಳಸುವವರು ತಜ್ಞರಲ್ಲದ ಮನೆಗೆ ಇದಕ್ಕಿಂತ ದೊಡ್ಡ ಗುಣ ಯಾವುದು? ತೋಟೆಯ ವಿಷಯದಲ್ಲೂ ಜಂಬ ಬೇಡ. ಎಲ್‌ಜಿ ಎಂಬ ದಪ್ಪ ಚರೆಯ ತೋಟೆ ದೊಡ್ಡ ಪ್ರಾಣಿಗೆಂದು ಮಾಡಿದ್ದು, ಅದರ ಒಂದೊಂದು ಗುಂಡೂ ಕಡಲೆಕಾಳಿನ ಗಾತ್ರ. ಹಲಗೆ ಬಾಗಿಲು ಅದಕ್ಕೆ ಲೆಕ್ಕವಲ್ಲ, ಆಚೆ ಕೋಣೆಯಲ್ಲಿ ಮಲಗಿದವರು ಯಾರು ಎಂಬುದು ಹಾರಿಸಿದವನಿಗೆ ನೆನಪಿರಬೇಕು. ಹಜಾರದ ದೂರಕ್ಕೆ ಸಣ್ಣ ಚರೆ ಸಾಕು.

ಇನ್ನು ಮಾರ್ಪಾಡು. ಅಜ್ಜನ ಕಾಲದ ಕೋವಿಯ ಮರದ ಹಿಡಿ ಅಜ್ಜನ ತೋಳಿನ ಅಳತೆಗೆ ಇರುತ್ತದೆ. ಗಿಡ್ಡ ತೋಳಿನವರು ಅದನ್ನು ಭುಜಕ್ಕೆ ಕೊಟ್ಟರೆ ಹಿಡಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಈಡು ಹಾರಿದಾಗ ಬೀಳುವ ಪೆಟ್ಟು ಮರೆಯುವಂಥದ್ದಲ್ಲ. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಹಿಡಿಯನ್ನು ಒಂದಿಂಚು ತಗ್ಗಿಸಿ ಹಿಂದೆ ರಬ್ಬರ್ ಪ್ಯಾಡ್ ಹಾಕಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಟಾರ್ಚನ್ನು ಕೋವಿಗೆ ಕಟ್ಟಿಸಬೇಡಿ. ಬೆಳಕು ಬಿಟ್ಟ ಕಡೆಗೆಲ್ಲ ನಳಿಗೆಯೂ ತಿರುಗುತ್ತದೆ, ಬಂದವನು ಮೇಸ್ತ್ರಿಯೋ ಮಗನೋ ಎಂದು ನೋಡಲು ಮೊದಲು ಅವನ ಎದೆಗೆ ಗುರಿ ಇಟ್ಟ ಹಾಗಾಗುತ್ತದೆ. ಜಗಲಿಯಲ್ಲಿ ಇನ್ವರ್ಟರಿಗೆ ಜೋಡಿಸಿದ ದೀಪ, ತಲೆಗೆ ಕಟ್ಟುವ ಟಾರ್ಚ್, ಅಷ್ಟು ಸಾಕು. ನಳಿಗೆ ಕತ್ತರಿಸಿ ಗಿಡ್ಡ ಮಾಡುವ ಆಸೆ ಕೆಲವರಿಗಿದೆ. ಅದಕ್ಕೆ ಕಾಯ್ದೆಯ 6ನೇ ಕಲಂ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು, ಇಲ್ಲದೆ ಮಾಡಿದರೆ ಮನೆ ಕಾಯಲು ಹೋದವನೇ ಆರೋಪಿ. ಸೈಲೆನ್ಸರಂತೂ ಕಾಯ್ದೆಯ ಕಣ್ಣಿನಲ್ಲಿ ಒಂದು ಬಂದೂಕಿಗೇ ಸಮ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವುದನ್ನು ನೋಡಿ ಬೆಳೆದ ಮಗು ಅದನ್ನು ಆಟದ ಸಾಮಾನು ಅಂದುಕೊಳ್ಳುವುದಿಲ್ಲ. ಪಕ್ಕದ ಹಾಸನದವರಿಗೋ ಚಿಕ್ಕಮಗಳೂರಿನವರಿಗೋ ಆ ಶಿಸ್ತು ಬರಲಾರದು ಎಂದು ಯಾಕೆ ಅಂದುಕೊಳ್ಳಬೇಕು? 2016ರ ನಿಯಮಗಳ ಪ್ರಕಾರ 70 ವರ್ಷ ತುಂಬಿದವರು, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡವರು ಅದನ್ನು ವಾರಸುದಾರರಿಗೆ ವರ್ಗಾಯಿಸಬಹುದು. ಠಾಣೆಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಮೊದಲು ಮಗನನ್ನೋ ಮಗಳನ್ನೋ ಒಮ್ಮೆ ಕೇಳಿ ನೋಡಿ.

ವಿರೋಧ: ಕಪಾಟಿನ ಕೀಲಿ ಯಾರ ಹತ್ತಿರ?

ಪರವಾಗಿ ಬರೆದವರು ಕೋವಿಯನ್ನು ಚೆನ್ನಾಗಿ ಬಲ್ಲವರು. ಅವರ ಆಯ್ಕೆಯಲ್ಲಿ ನನಗೆ ತಕರಾರಿಲ್ಲ. ಇಡಲೇಬೇಕಿದ್ದರೆ ಜೋಡುನಳಿಗೆಯೇ ಸರಿ, ಟಾರ್ಚಿನ ಮಾತು ನೂರಕ್ಕೆ ನೂರು ಸತ್ಯ. ಆದರೆ ಆ ಕೋವಿ ಮನೆಯಲ್ಲಿ ಎಲ್ಲಿರುತ್ತದೆ ಎಂದು ಅವರು ಹೇಳಲೇ ಇಲ್ಲ.

ಭದ್ರವಾಗಿ ಇಡಬೇಕೆಂದು ನಿಯಮ. ಅಂದರೆ ಕೋವಿ ಕಪಾಟಿನಲ್ಲಿ, ತೋಟೆ ಬೇರೆ ಕಡೆ, ಎರಡಕ್ಕೂ ಬೀಗ. ರಾತ್ರಿ ಎರಡು ಗಂಟೆಗೆ ಹಿಂಬಾಗಿಲು ಸದ್ದಾಯಿತು ಅನ್ನಿ. ಕನ್ನಡಕ ಹುಡುಕಿ, ಕೀಲಿ ಹುಡುಕಿ, ಕಪಾಟು ತೆರೆದು, ತೋಟೆ ತಂದು, ಕೋವಿ ಮಡಚಿ ತುಂಬುವ ಹೊತ್ತಿಗೆ ಬಂದವನು ಹಜಾರದಲ್ಲಿರುತ್ತಾನೆ. ಇಷ್ಟೆಲ್ಲ ಬೇಡವೆಂದು ತುಂಬಿದ ಕೋವಿಯನ್ನು ಮಂಚದ ಪಕ್ಕ ಒರಗಿಸಿಟ್ಟರೆ, ಬೇಸಿಗೆ ರಜೆಗೆ ಬಂದ ಮೊಮ್ಮಗನ ಕೈಗೆ ಮೊದಲು ಸಿಗುವುದೇ ಅದು. ಬೀಗ ಹಾಕಿದ ಕೋವಿ ಹೊತ್ತಿಗೆ ಒದಗುವುದಿಲ್ಲ, ಒದಗುವಂತೆ ಇಟ್ಟದ್ದು ಭದ್ರವಲ್ಲ. ಹಿಡಿಗೆ ರಬ್ಬರ್ ಹಾಕಿಸಿದರೆ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ.

ಲೈಸೆನ್ಸ್ ಯಾರ ಹೆಸರಿನಲ್ಲಿರುತ್ತದೆ ಎಂಬುದೂ ಯೋಚಿಸಬೇಕಾದದ್ದು. ಬಹುಪಾಲು ಮನೆಗಳಲ್ಲಿ ಅದು ಯಜಮಾನರ ಹೆಸರಿನಲ್ಲಿ. ಅವರು ಕಾಫಿ ಮಾರಲು ಹೋಗಿ ಪೇಟೆಯಲ್ಲೇ ಉಳಿದ ರಾತ್ರಿ ಒಬ್ಬರೇ ಇರುವವರು ಮನೆಯಾಕೆ. ಅವರಿಗೆ ತರಬೇತಿ ಇಲ್ಲ, ಲೈಸೆನ್ಸ್ ಇಲ್ಲ, ಎಷ್ಟೋ ಸಲ ಕಪಾಟಿನ ಕೀಲಿಯೂ ಇಲ್ಲ. ಭಯ ಹೆಚ್ಚು ಯಾವ ರಾತ್ರಿಯೋ ಆ ರಾತ್ರಿಯೇ ಕೋವಿ ಇದ್ದೂ ಇಲ್ಲದ ಹಾಗೆ.

ಈಡು ಹಾರಿತು, ಒಬ್ಬ ಬಿದ್ದ ಅನ್ನೋಣ. ಭಾರತೀಯ ನ್ಯಾಯ ಸಂಹಿತೆ 34ನೇ ಕಲಮಿನಿಂದ ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆದು ನುಗ್ಗಿದವನ ಮೇಲೆ ಆ ಹಕ್ಕು ಪ್ರಾಣ ತೆಗೆಯುವಷ್ಟು ದೂರ ಹೋಗಬಹುದು ಎಂದು 41ನೇ ಕಲಂ ಹೇಳುತ್ತದೆ, ನಿಜ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ ಎಂದು 37ನೇ ಕಲಂ ಕಟ್ಟು ಹಾಕಿದೆ. ಅಂಗಳದಲ್ಲಿ ಮೆಣಸಿನ ಮೂಟೆ ಹೊತ್ತು ಓಡುತ್ತಿದ್ದವನ ಬೆನ್ನಿಗೆ ಚರೆ ಬಿದ್ದಿದ್ದರೆ? ಗಾಯ ಎದುರಿನಿಂದಲೋ ಹಿಂದಿನಿಂದಲೋ, ಎಷ್ಟು ದೂರದಿಂದ, ಅವನ ಕೈಯಲ್ಲಿ ಏನಿತ್ತು ಎಂಬುದೆಲ್ಲ ಕೋರ್ಟಿನಲ್ಲಿ ಬಿಡಿಬಿಡಿಯಾಗಿ ತೆರೆಯುತ್ತದೆ. ಅಲ್ಲಿಯತನಕ ಕೋವಿ ಠಾಣೆಯಲ್ಲಿ, ಅರವತ್ತೈದರ ಯಜಮಾನರು ವಕೀಲರ ಬಾಗಿಲಲ್ಲಿ.

ಇನ್ನೊಂದು ಮಾತನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಮನೆಯ ಕೋವಿ ಹೊರಗಿನವನ ಮೇಲೆ ಹಾರುವುದು ಅಪರೂಪ. ಕತ್ತಲಲ್ಲಿ ಹಂದಿಯೆಂದು ಹಾರಿಸಿದ ಈಡು ಜೊತೆಗಾರನಿಗೆ ತಾಗಿದ ಸುದ್ದಿ ಮಲೆನಾಡಿನ ಪತ್ರಿಕೆ ಓದುವವರಿಗೆ ಹೊಸದಲ್ಲ. ಅಣ್ಣತಮ್ಮಂದಿರ ಗಡಿ ಜಗಳ, ಕುಡಿದ ರಾತ್ರಿ, ಬೆಲೆ ಬಿದ್ದು ಸಾಲ ಏರಿದ ವರ್ಷದ ಒಂಟಿ ಮಧ್ಯಾಹ್ನ, ಇಂಥ ಹೊತ್ತಿನಲ್ಲಿ ಕೈಗೆಟುಕುವ ಕೋವಿ ಎರಡನೇ ಯೋಚನೆಗೆ ಅವಕಾಶ ಕೊಡುವುದಿಲ್ಲ. ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ. ಬಂದೂಕಿರುವ ಮನೆಯಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು ಎಂದು 1993ರಲ್ಲಿ ಅಲ್ಲಿನ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತು. ಕೊಂದವರಲ್ಲಿ ಹೆಚ್ಚಿನವರು ಮನೆಯವರೋ ಪರಿಚಿತರೋ ಆಗಿದ್ದರು. ಅಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಾರೆ ಸಾಯುವವರು. ಆ ದೇಶದ ಅಂಕಿಯನ್ನು ಸುಳ್ಯಕ್ಕೆ ಹಾಗೇ ತಂದು ಕೂರಿಸುವುದು ಸರಿಯಲ್ಲ. ಆದರೂ ಮನುಷ್ಯನ ಸಿಟ್ಟು, ಸಂಕಟ ಎಲ್ಲ ಕಡೆಯೂ ಒಂದೇ.

ಕೊಡಗಿನ ಶಿಸ್ತಿನ ಮಾತು ಬಂತು. ಅದು ಹಬ್ಬ, ಮದುವೆ, ಸಾವಿನೊಂದಿಗೆ ತಲೆಮಾರುಗಳಿಂದ ಹೆಣೆದುಕೊಂಡ ಶಿಸ್ತು. ಲೈಸೆನ್ಸ್ ಸಿಕ್ಕ ವಾರದಲ್ಲೇ ಅಂಗಡಿಯಿಂದ ಬರುವಂಥದ್ದಲ್ಲ. ಅಲ್ಲೂ ಕೂಡ ಕೋವಿಯಿಂದ ಮನೆಯೊಳಗೇ ಅನಾಹುತವಾದದ್ದುಂಟು.

ಚುನಾವಣೆ ಘೋಷಣೆಯಾದಾಗಲೆಲ್ಲ ನಮ್ಮ ಜಿಲ್ಲೆಗಳ ಕೋವಿಗಳು ಹೆಸರಿನ ಚೀಟಿ ಕಟ್ಟಿಸಿಕೊಂಡು ಠಾಣೆಯ ಮೂಲೆ ಸೇರುತ್ತವೆ. ಲೋಕಸಭೆ, ವಿಧಾನಸಭೆ ಎಂದು ವಾರಗಟ್ಟಲೆ ಅಲ್ಲೇ ಇರುತ್ತವೆ. ಮಂಗ, ಹಂದಿ ಬೆಳೆ ತಿಂದವೆಂದು ರೈತರು ಗೋಳಾಡುವುದು ನ್ಯಾಯವೇ. ಬೆಳೆ ಕಾಯುವ ಕೋವಿಯ ಪ್ರಶ್ನೆ ಬೇರೆ, ಅದಕ್ಕೆ ನನ್ನ ವಿರೋಧವೂ ಇಲ್ಲ. ಆದರೆ ಕೋವಿ ಇಲ್ಲದ ಆ ವಾರಗಳಲ್ಲಿ ಕಳ್ಳರ ಭಯಕ್ಕೆ ಯಾರೂ ಮನೆಗೆ ಬೀಗ ಜಡಿದು ಪೇಟೆ ಸೇರಿದ್ದನ್ನು ನಾನು ಕಂಡಿಲ್ಲ. ಆಗ ಮನೆ ಕಾಯುವುದು ಕಟ್ಟದೆ ಬಿಟ್ಟ ಎರಡು ನಾಯಿ, ಒಳಗಿನಿಂದ ಹಾಕಿದ ಅಡ್ಡಪಟ್ಟಿ, ಸೋಲಾರ್ ದೀಪ, ಕೂಗಿದರೆ ಓಡಿ ಬರುವ ಲೈನಿನ ಜನ. ನನ್ನ ಕೈಯಲ್ಲಿ ಒಂದು ರಿವಾಲ್ವರಿನ ದುಡ್ಡಿದ್ದರೆ ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್ ಹಾಕಿಸಿ, ಮೆಣಸಿನ ಮೂಟೆಗಳನ್ನು ತೋಟದ ಗೋದಾಮಿನಿಂದ ಪೇಟೆಯ ಗೋದಾಮಿಗೆ ಸಾಗಿಸಿ, ಉಳಿದದ್ದರಲ್ಲಿ ಟವರಿಲ್ಲದಿದ್ದರೂ ಕೂಗಬಲ್ಲ ಒಂದು ಸೈರನ್ ಕೊಳ್ಳುತ್ತೇನೆ.