ದೆವ್ವ ಬಂದ್ಮೇಲೆ ಭಯ ಹೋಯ್ತು

ಭಾನುವಾರ ಗ್ಯಾರೇಜಿಗೆ ರಜಾ. ಹುಬ್ಬಳ್ಳಿಯಲ್ಲಿ ಮಧ್ಯಾಹ್ನದಿಂದ ಜಿಟಿಜಿಟಿ ಮಳೆ. ನಮ್ಮ ಕೆಲಸದ ಹುಡುಗ ಮನೆಗೆ ಬಂದು, 'ಅಣ್ಣಾರ, ಗಾಡಿ ಪಲ್ಟಿ ಹೊಡಿಯೋ ಪಿಚ್ಚರ್ ಐತ್ರಿ, ನೋಡ್ರಿ' ಅಂತ ಟೀವಿಗೆ ಫೋನ್ ಜೋಡಿಸಿದ. ಯಾವುದೋ ದೇಶದ ಸಣ್ಣ ಹಾರರ್ ಸಿನಿಮಾ. ಹೆಸರು ಹೇಳಲ್ಲ. ಹೊಸ ಹುಡುಗರು ಕಡಿಮೆ ದುಡ್ಡಲ್ಲಿ ಮಾಡಿದ್ದಾರೆ, ಅವರ ಹೊಟ್ಟೆ ಮೇಲೆ ಯಾಕೆ ಹೊಡೆಯೋದು?

ಕಥೆ ಇಷ್ಟೇ. ರಾತ್ರಿ ಘಟ್ಟದಲ್ಲಿ ಒಂದು ವ್ಯಾನ್ ಕಂದಕಕ್ಕೆ ಉರುಳುತ್ತದೆ. ಆರು ಜನ ಬದುಕುತ್ತಾರೆ. ಸುತ್ತ ಕಾಡು, ಫೋನಿಗೆ ಸಿಗ್ನಲ್ ಇಲ್ಲ.

ಉರುಳುವುದನ್ನು ತೋರಿಸುವುದೇ ಇಲ್ಲ. ಪರದೆ ಕಪ್ಪಾಗಿ ಬರೀ ಸದ್ದು. ದುಡ್ಡಿಲ್ಲದ್ದಕ್ಕೆ ಹಾಗೆ ಮಾಡಿದ್ದಾರೆ, ಗೊತ್ತಾಗುತ್ತದೆ. ಎಲ್ಲ ನಿಂತ ಮೇಲೆ ಕತ್ತಲಲ್ಲಿ ಟಿಕ್... ಟಿಕ್... ಅಂತ ಕೇಳುತ್ತದೆ. ಕಾದ ಇಂಜಿನ್, ಸೈಲೆನ್ಸರ್ ತಣ್ಣಗಾಗುವಾಗ ಲೋಹ ಕುಗ್ಗುವ ಸದ್ದು ಅದು. ಇಪ್ಪತ್ತೆರಡು ವರ್ಷದಿಂದ ದಿನಾ ಕೇಳುತ್ತಿದ್ದೇನೆ. ಅವತ್ತು ಮಾತ್ರ ಮೈ ಜುಮ್ಮೆಂದಿತು.

ಇನ್ನೊಂದು ದೃಶ್ಯ. ಎರಡನೇ ದಿನ ಬಾಯಾರಿದ ಒಬ್ಬ, ಒಡೆದ ರೇಡಿಯೇಟರಿನಿಂದ ತೊಟ್ಟಿಕ್ಕುವ ಹಸಿರು ನೀರನ್ನು ಬಾಟ್ಲಿ ಮುಚ್ಚಳದಲ್ಲಿ ಹಿಡಿಯುತ್ತಾನೆ. 'ಏ, ಬ್ಯಾಡೋ!' ಎಂದು ಕೂಗಿಯೇ ಬಿಟ್ಟೆ. ಇಂಜಿನ್ ತಣ್ಣಗಿಡೋ ಆ ಕೂಲಂಟ್ ನಾಲಿಗೆಗೆ ಸಿಹಿ, ಹೊಟ್ಟೆಗೆ ಹೋದರೆ ಕಿಡ್ನಿ ಕೆಡಿಸುತ್ತದೆ. ಸಿನಿಮಾದಲ್ಲಿ ಇದನ್ನು ಯಾರೂ ವಿವರಿಸುವುದಿಲ್ಲ. ಡ್ರೈವರ್ ಅವನ ಕೈಗೆ ಒಂದು ಬಾರಿಸುತ್ತಾನೆ, ಅಷ್ಟೇ. ಭೇಷ್!

ತಪ್ಪೂ ಇದೆ. ಮುಂದಿನ ಗಾಜು ಬಾಟ್ಲಿ ಒಡೆದ ಹಾಗೆ ಚೂರಾಗುತ್ತದೆ. ಅದರ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ ಮಾರಾಯ್ರೇ, ಜೇಡರ ಬಲೆ ಹಾಗೆ ಸೀಳುತ್ತದೆ, ಉದುರಲ್ಲ. ಕಲ್ಲುಸಕ್ಕರೆ ಥರ ಪುಡಿಯಾಗೋದು ಪಕ್ಕದ ಗಾಜು. ಇರಲಿ.

ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಅವರ ಜಗಳ. ಗಾಡಿ ಹತ್ತಿರವೇ ಕೂರಬೇಕೋ, ನಡೆದು ಹೋಗಬೇಕೋ? ಯಲ್ಲಾಪುರದ ಆಚೆ ಸಾತೊಡ್ಡಿ ಜಲಪಾತ ನೋಡಿಕೊಂಡು ಬರುವಾಗ ಕಾಡಿನ ದಾರಿಯಲ್ಲಿ ನಮ್ಮ ಗಾಡಿಯೂ ಹೀಗೇ ನಿಂತಿತ್ತು. ಇಂಜಿನ್ನಿನ ತಿರುಗು ಚಕ್ರಕ್ಕೆ ಒಯ್ಯೋ ಶಾಫ್ಟಿನ ಕೀಲು, ಜಾಯಿಂಟ್ ಕ್ರಾಸ್, ಮುರಿದಿತ್ತು. ಪಾನಾ ಇದೆ, ಪಾರ್ಟ್ ಇಲ್ಲ. ನಾನು, ಭಾವ, ಭಾವನ ಮಗ. ಒಂದೂವರೆ ರೊಟ್ಟಿ, ಶೇಂಗಾ ಚಟ್ನಿ, ಅರ್ಧ ಬಾಟ್ಲಿ ನೀರು. ಭಾವ 'ನಡಿಯೂಣು' ಅಂತಾರೆ, ನಾನು 'ಕುಂದರೂಣು' ಅಂತೀನಿ. ಇಬ್ಬರಿಗೂ ನಮ್ಮ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಹುಡುಗ ಮಾತ್ರ ಇಬ್ಬರ ಮುಖ ನೋಡುತ್ತಿದ್ದ. ಬೆಳಿಗ್ಗೆ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕಿನವನು ಬರೋವರೆಗೂ ಅದೇ ಜಗಳ.

1972ರ ಅಕ್ಟೋಬರ್ 13ರಂದು ಆಂಡಿಸ್ ಪರ್ವತದಲ್ಲಿ ಬಿದ್ದ ಉರುಗ್ವೆ ವಿಮಾನದವರದ್ದೂ ಇದೇ ಪ್ರಶ್ನೆ. ಒಳಗೆ ಇದ್ದವರು 45 ಜನ. ಹುಡುಕುವುದನ್ನು ನಿಲ್ಲಿಸಿದ್ದಾರೆ ಅನ್ನುವ ಸುದ್ದಿಯನ್ನು ಅವರೇ ರೇಡಿಯೋದಲ್ಲಿ ಕೇಳಿದರು. ಕಡೆಗೆ ಇಬ್ಬರು ಹಿಮದಲ್ಲಿ ಹತ್ತು ದಿನ ನಡೆದು ಜನರಿದ್ದ ಕಡೆ ಬಂದದ್ದಕ್ಕೇ ಉಳಿದವರು ಸಿಕ್ಕಿದ್ದು. 72 ದಿನದ ಮೇಲೆ ಬದುಕಿದ್ದವರು 16. ನಡೆಯಲು ಹೊರಟ ದಿನ ಅದು ಸರಿಯೋ ತಪ್ಪೋ ಯಾರಿಗೆ ಗೊತ್ತಿತ್ತು?

ಈ ಸಿನಿಮಾ ಮುಕ್ಕಾಲು ಗಂಟೆ ಆ ಸಂಕಟದಲ್ಲೇ ಇಟ್ಟಿತ್ತು. ಆಮೇಲೆ ನೋಡಿ, ಪೊದೆಯಿಂದ ಒಂದು ದೆವ್ವ ಬಂತು! ಕರಿ ಕಂಬಳಿ ಹೊದ್ದ ಮನುಷ್ಯ ಅಂತ ದೂರದಿಂದಲೇ ತಿಳಿಯುತ್ತದೆ. ಕಂಬಳಿ ಬಗ್ಗೆ ನನ್ನ ತಕರಾರಿಲ್ಲ, ದುಡ್ಡು ಅಷ್ಟೇ ಇತ್ತು. ದೆವ್ವ ಬಂದ ಕೂಡಲೇ ನನಗೆ ನಿರಾಳ ಆಯ್ತು, ಅದೇ ತೊಂದರೆ. ಕೂರಬೇಕೋ ನಡೀಬೇಕೋ ಅನ್ನೋ ಪ್ರಶ್ನೆಯೇ ಹೋಯ್ತು. ಎಲ್ಲರೂ ಓಡಿದರು. ನಾನು ಎದ್ದು ಚಹಾಕ್ಕೆ ಇಟ್ಟೆ.

ಕೆಲಸದ ಹುಡುಗ ಒಪ್ಪಲಿಲ್ಲ. 'ದೆವ್ವ ಇಲ್ಲಂದ್ರ ಹಾರರ್ ಹೆಂಗಾತ್ರಿ ಅಣ್ಣಾರ?' ಅಂದ. ಮಳೆ ಕಡಿಮೆ ಆದ ಮೇಲೆ ಅವನನ್ನು ಸಾತೊಡ್ಡಿಗೆ ಕರೆದುಕೊಂಡು ಹೋಗಬೇಕು. ಬರುವಾಗ ಕತ್ತಲಾದ ಮೇಲೆ, ಅದೇ ಜಾಗದಲ್ಲಿ ಗಾಡಿ ಆಫ್ ಮಾಡಿ ಸುಮ್ನೆ ಕೂರುತ್ತೇನೆ.